ಒಂದಕ್ಷರದ ಉತ್ತರ

ಕಂಬಂ ಕಣಿವೆಯಲ್ಲಿ ಅರುಣೋದಯಕ್ಕೆ ಅವಸರವೆಂಬುದೇ ಇಲ್ಲ... ಮೊದಲು ಪಡುವಣ ಗಿರಿಶಿಖರಗಳು ಹೊಂಬಣ್ಣ ತಳೆಯುತ್ತವೆ. ಆಮೇಲೆ ಆ ಕಿರಣಧಾರೆ ಬೋಡಿಯ ಏಲಕ್ಕಿಗಂಧದ ಇಳಿಜಾರುಗಳನ್ನು ಸವರಿ, ದ್ರಾಕ್ಷಿ ಚಪ್ಪರಗಳ ಮೇಲೆ ಹಾಯ್ದು, ಕಟ್ಟಕಡೆಗೆ, ಮನಸ್ಸಿಲ್ಲದ ಮನಸ್ಸಿನಿಂದೆಂಬಂತೆ, ಕರಿಬಂಡೆಯ ಗುಡ್ಡದಡಿಯ ಕೈದಿಗಳ ಶಿಬಿರಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಅಲ್ಲಿ ತಲೆ ಎಣಿಸಿ ಮುಗಿದಿರುತ್ತದೆ.

ಪೆರಿಯಣ್ಣನ್‌ಗೆ ಅದು ಅಲ್ಲಿ ಎರಡನೆಯ ವರ್ಷ. ಕಾಲುವೆ ನೀರಿನ ಸರದಿಯ ಜಗಳದಲ್ಲಿ ಒಂದು ಗಳಿಗೆ ಬುದ್ಧಿಗೆಟ್ಟು ಗುದ್ದಲಿ ಎತ್ತಿದ್ದಕ್ಕೆ ಆರು ವರ್ಷದ ಶಿಕ್ಷೆ. ಆಗ ಮದುವೆಯಾಗಿ ಎಂಟೇ ತಿಂಗಳು! ಇಲ್ಲಿ ದಿನವಿಡೀ ಬಂಡೆ ಒಡೆಯಬೇಕು. ಬೊಬ್ಬೆಯೆದ್ದ ಅಂಗೈಗೆ ಹಳೆ ಪಂಚೆಯ ಚೂರು ಸುತ್ತಿಕೊಳ್ಳಬೇಕು. ಅಗುಳು ತಳದಲ್ಲಿರುತ್ತದೆಂದು ಗಂಜಿಯ ಸಾಲಿನಲ್ಲಿ ಕೊನೆಗೆ ನಿಲ್ಲಬೇಕು. ಈ ಉಪಾಯ ಕಲಿಸಿದವನು ಪಕ್ಕದ ಚಾಪೆಯ ಮುದುಕ ಗುರುಸಾಮಿ.

ಕಾಗದಗಳನ್ನು ಕಾವಲಿನವರು ಓದಿದ ಮೇಲಷ್ಟೇ ಕಳಿಸುತ್ತಿದ್ದುದರಿಂದ ಅವು ತಮಿಳಿನಲ್ಲಿರಬೇಕೆಂದು ನಿಯಮ. ಅವನು ಹೆಂಡತಿ ಪಾಂಡೀಶ್ವರಿಗೆ ತಮಿಳಿನಲ್ಲೇ ಬರೆದ: ಇನ್ನೂ ನಾಲ್ಕು ವರ್ಷವಿದೆ, ಕಾಯುತ್ತೀಯಾ? ಬೇರೆ ಬಾಳು ಕಟ್ಟಿಕೊಂಡರೆ ನನಗೆ ಕೋಪವಿಲ್ಲ. ಬರೆದ ಮೇಲೆ, ಮಾತು ಮರೆಸಲೆಂದು ಇನ್ನೊಂದು ಸಾಲು ಸೇರಿಸಿದ: ನಾವು ನೆಟ್ಟ ಮಲ್ಲಿಗೆ ಹೂ ಬಿಟ್ಟಿತೇ?

ಉತ್ತರವಾಗಿ ಬಂದ ಕಾರ್ಡಿನಲ್ಲಿ ತಮಿಳು ಲಿಪಿಯ ಒಂದೇ ಅಕ್ಷರವಿತ್ತು: ‘ಊ’.

ಗಂಡಹೆಂಡಿರಿಬ್ಬರೂ ಶತಮಾನಗಳ ಹಿಂದೆ ಕನ್ನಡನಾಡಿನಿಂದ ಬಂದ ಒಕ್ಕಲು ಮನೆತನದವರು; ಆ ಮನೆಗಳ ಮಾತಿನಲ್ಲಿ ಹೂವಿಗೂ ‘ಊ’, ಒಪ್ಪಿಗೆಗೂ ‘ಊ’. ಯಾವ ಪ್ರಶ್ನೆಗೆ ಈ ಉತ್ತರ? ತಿಂಗಳಿಡೀ ಪ್ರತಿ ಸುತ್ತಿಗೆ ಪೆಟ್ಟಿಗೂ ಅದೇ ಯೋಚನೆ... ಹೂವೋ, ಒಪ್ಪಿಗೆಯೋ? ಗಂಜಿ ಸೇರಲಿಲ್ಲ.

“ಎರಡು ಕೇಳಿ ಒಂದಕ್ಕೆ ಜವಾಬು ಬಂದ್ರೆ ಅದು ಹೆಂಡತಿ ತಪ್ಪಲ್ಲಪ್ಪಾ,” ಎಂದು ಗುರುಸಾಮಿ ತಮಿಳಿನಲ್ಲಿ ಕಿಚಾಯಿಸಿದ.

ಭೇಟಿಯ ದಿನ ಪಾಂಡೀಶ್ವರಿ ಬಂದಳು. ಜಾಲರಿಯಾಚೆ ಅವಳ ಮುಖ ಶ್ರಾವಣದ ಎಳೆಬಿಸಿಲಿನಂತಿತ್ತು. ಅವನು ಕುಶಲ ಕೇಳಲಿಲ್ಲ. ನೇರವಾಗಿ, ಮನೆಮಾತಿನಲ್ಲೇ ಕೇಳಿದ:

“ಗಿಡ ಊ ಬಿಟ್ಟೈತಾ?”

ಅವಳು ಅವನ ಬಟ್ಟೆ ಸುತ್ತಿದ ಕೈಗಳನ್ನೇ ನೋಡುತ್ತಿದ್ದಳು.

“ಗಿಡ ಇನ್ನಾ ಮೊಗ್ಗೇ ಕಟ್ಟಿಲ್ಲ ಮಾಮಾ. ಊ ಎಲ್ಲಿಂದ ಬರೂದು?”

ಪೆರಿಯಣ್ಣನ್ ಜಾಲರಿ ಹಿಡಿದು ನಿಂತ. ತಿಂಗಳಿಂದ ಎದೆಯ ಮೇಲಿದ್ದ ಬಂಡೆ ಸುತ್ತಿಗೆ ಸೋಕದೆಯೇ ಸೀಳಿತ್ತು. ಅವನು ಅತ್ತ, ಅದನ್ನು ಮುಚ್ಚಿಡಲೂ ಇಲ್ಲ.

“ಊ ಅಂದ್ರೆ ಏನಯ್ಯಾ?” ಎಂದು ಕಾವಲಿನವನು ತಮಿಳಿನಲ್ಲಿ ಗದರಿದ.

“ಪೂ, ಸಾರ್,” ಎಂದು ಪೆರಿಯಣ್ಣನ್ ಹೂವಿನ ತಮಿಳು ಹೆಸರನ್ನಷ್ಟೇ ಹೇಳಿದ. ಪಾಂಡೀಶ್ವರಿ ಸೆರಗಿನಲ್ಲಿ ನಗು ಅಡಗಿಸಿಕೊಂಡಳು.

ಮರುದಿನ ಗಂಜಿಯ ಸಾಲಿನಲ್ಲಿ ಅವನು ಕೊನೆಗೇ ನಿಂತ. ತಳದ ಅಗುಳಿನಲ್ಲಿ ಅರ್ಧ ಗುರುಸಾಮಿಯ ತಟ್ಟೆಗೆ ಸುರಿದ. ಸಹೃದಯ ವಾಚಕರೇ, ಒಪ್ಪಿಗೆಗೂ ಹೂವಿಗೂ ಒಂದೇ ಮಾತು ಸಾಕೆಂದು ಆ ಒಕ್ಕಲು ಮನೆಗಳ ಹಿರಿಯರು ಯಾವ ಕಾಲದಲ್ಲಿ ತೀರ್ಮಾನಿಸಿದರೋ ನಾನರಿಯೆ... ಆದರೆ ಇನ್ನೂ ಮೊಗ್ಗಿಡದ ಗಿಡವೊಂದಕ್ಕೆ ದಿನವೂ ನೀರೆರೆಯುತ್ತಿರುವ ಆ ಹೆಣ್ಣನ್ನು ನೆನೆದರೆ, ಅವರೇನೂ ತಪ್ಪು ಮಾಡಲಿಲ್ಲ ಎನಿಸುತ್ತದೆ.