ಕೆರೆಯ ಮೇಲಿನ ಗಾಜು

ನನ್ನ ತಮ್ಮ ಚಿತ್ರಕಾರ; ಬೆಟ್ಟ, ಮಂಜು, ಕೆರೆಗಳನ್ನು ಬರೆದು ಅವುಗಳಲ್ಲಿ ದೇವರನ್ನು ಹುಡುಕುವವನು. ನಾನು ಆ ಚಿತ್ರಗಳಿಗೆ ಫ್ರೇಮ್ ಹಾಕುವವಳು. ಅವನ ಪ್ರದರ್ಶನಕ್ಕೆ ಹೋದಾಗ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ನೋಡಕ್ಕ, ನನ್ನ 'ಮುಂಜಾವಿನ ಕೆರೆ' ಚಿತ್ರದ ಮುಂದೆ ಜನ ಹೇಗೆ ಮೈಮರೆತು ನಿಂತಿದ್ದಾರೆ!"

ನೋಡಿದೆ. ಒಬ್ಬ ಕಾಲರ್ ಸರಿಮಾಡಿಕೊಂಡ. ಒಬ್ಬಳು ಮುಂಗುರುಳು ತೀಡಿಕೊಂಡಳು. ಕಪ್ಪು ನೀರಿನ ಮೇಲೆ ನಾನು ಕೂರಿಸಿದ್ದ ಗಾಜು ಕನ್ನಡಿಯಾಗಿತ್ತು. ತಪ್ಪು ನನ್ನದೇ, ಬಿಂಬ ಬೀಳದ ಗಾಜು ಸಿಗಲಿಲ್ಲವೆಂದು ಸಾದಾ ಗಾಜು ಹಾಕಿದ್ದೆ.

ಚೀಲದಿಂದ ಸ್ಕ್ರೂಡ್ರೈವರ್ ತೆಗೆದೆ.

"ಅಕ್ಕಾ, ಬೇಡ! ಎಲ್ಲರೂ ಇದರ ಮುಂದೇನೇ ನಿಲ್ತಿದ್ದಾರೆ."

"ತಲೆ ಸರಿಮಾಡ್ಕೊಳ್ಳೋಕೆ ನಿಲ್ತಿದ್ದಾರೆ ಕಣೋ. ಎರಡು ವರ್ಷ ನೀನು ಒದ್ದಾಡಿದ್ದು ಇದಕ್ಕಾ? ಹಿಡ್ಕೋ ಈ ತುದಿನ."

ಮುಖ ಊದಿಸಿಕೊಂಡೇ ಹಿಡಿದ. ಗಾಜು ಬಿಚ್ಚಿ ಚಿತ್ರವನ್ನು ಮತ್ತೆ ಗೋಡೆಗೇರಿಸಿದೆವು. ಗುಂಪು ಕರಗಿತು. ಹತ್ತು ಜನ ನಿಲ್ಲದೆ ದಾಟಿಹೋದರು. ತಮ್ಮ ನನ್ನನ್ನು ನುಂಗುವಂತೆ ನೋಡಿದ. ನಾನು ಜಗ್ಗಲಿಲ್ಲ.

ಕೊನೆಗೆ ವಯಸ್ಸಾದ ಹೆಂಗಸೊಬ್ಬಳು ಬಂದು ಕೆರೆಯ ಮುಂದೆ ನಿಂತಳು. ಫ್ಯಾನಿನ ಗಾಳಿಗೆ ಕೂದಲು ಕಣ್ಣಿಗೆ ಬೀಳುತ್ತಲೇ ಇತ್ತು. ಅದನ್ನು ಸರಿಸಲೂ ಅವಳ ಕೈ ಮೇಲೇಳಲಿಲ್ಲ.