ಮೀರಾಬಿಗೆ ಬಂದ ಕಾಲ್

ನವಲಗುಂದದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹನ್ನೊಂದು ವರ್ಷ ಕೂತವಳು ನಾನು. ಕೇಳಿದ್ದನ್ನು ಹೊರಗೆ ಆಡಬಾರದೆಂಬುದು ಕಾನೂನು. ಆಡಲಿಲ್ಲ. ನಂದಕ್ಕಾ, ಯಾರದಾದರೂ ಒಂದು ಗುಟ್ಟು ಬಿಚ್ಚು ಎಂದು ಓಣಿಯವರು ಇವತ್ತಿಗೂ ಕಾಡಿಸುತ್ತಾರೆ. ಬಾಯಿಗೆ ಬೀಗ ಹಾಕಿಕೊಂಡೇ ಸಾಯುವವಳಿದ್ದೆ, ಮೊನ್ನೆ ಆ ವಿಡಿಯೊ ನೋಡುವವರೆಗೆ.

ಕಾಲೇಜಿನ ಹುಡುಗಿಯರು ಊರಿನ ಹಳೆಯ ಫೋನಿನ ನೆನಪುಗಳನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದಾರೆ. ಆಗಿನ ಕಾಲಕ್ಕೆ ಓಣಿಗೆಲ್ಲ ಒಂದೇ ಫೋನು, ಅದು ಕಿರಾಣಿ ಅಂಗಡಿಯ ಮಲಕಪ್ಪನದು. ಆ ಕರಿ ಫೋನನ್ನು ಒರೆಸಿ ಮುಂದಿಟ್ಟುಕೊಂಡು ಅವನು ಹೇಳುತ್ತಾನೆ: ಯಾರಿಗೆ ಕಾಲ್ ಬಂದರೂ ಬಿಸಿಲೆನ್ನದೆ ಹೋಗಿ ಕರೆತರುತ್ತಿದ್ದನಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

ಎಂಬತ್ತೈದರ ಏಪ್ರಿಲ್. ಮುಂಬೈಯಿಂದ ಪಿ.ಪಿ. ಕಾಲ್ ಬಂತು. ಹೆಸರು ಹೇಳಿ, ಆ ಮನುಷ್ಯರನ್ನೇ ಕರೆಸಿ ಮಾತಾಡುವ ಕಾಲ್ ಅದು. ಮಾಡಿದವನು ಯುನೂಸ್. ಕೇಳಿದ್ದು ಜಮಖಾನ ನೇಯುವ ಮೀರಾಬಿಯನ್ನು, ಅವನಿಗೆ ಗೊತ್ತುಮಾಡಿದ್ದ ಹುಡುಗಿಯನ್ನು. ಲೈನ್ ಸಿಗುವ ಮೊದಲೇ ಖುಷಿ ತಡೆಯಲಾರದೆ ನನಗೇ ಹೇಳಿದ್ದ, ಇಬ್ಬರಿಗೂ ಇರಲು ಖೋಲಿ ಸಿಕ್ಕಿದೆ, ಮುಂದಿನ ತಿಂಗಳು ಮದುವೆಗೆ ಬರುತ್ತೇನೆ ಎಂದು. ಮೀರಾಬಿಯ ಮನೆ ಅಂಗಡಿಯಿಂದ ಹತ್ತೇ ಮನೆ ಆಚೆ. ಅವಳನ್ನು ಕರೆಸು ಎಂದಾಗ ಮಲಕಪ್ಪ ಆಕಳಿಸಿದ್ದು ನನ್ನ ಕಿವಿಗೆ ಬಿತ್ತು.

"ಆಕಿದು ಲಗ್ನ ಆಗಿ ಹೋಗೇತಿ," ಎಂದು ಫೋನ್ ಇಟ್ಟುಬಿಟ್ಟ.

ಹಗೆ ಇರಲಿಲ್ಲ, ಏನೂ ಇರಲಿಲ್ಲ. ಆ ಬಿಸಿಲಲ್ಲಿ ಅಂಗಡಿ ಇಳಿಯುವ ಬೇಸರ, ಅಷ್ಟೇ. ಯುನೂಸ್ ಅದನ್ನು ಕೇಳಿಸಿಕೊಂಡ. ಸುಳ್ಳು ಅಂತ ನನಗೆ ಗೊತ್ತಿತ್ತು, ಹಿಂದಿನ ದಿನವಷ್ಟೇ ಅವಳನ್ನು ಮಗ್ಗದ ಮುಂದೆ ನೋಡಿದ್ದೆ. ನಡುವೆ ಬಾಯಿ ಹಾಕಬಾರದೆಂದು ಸುಮ್ಮನೆ ತಂತಿ ಎಳೆದು ಲೈನ್ ಕಡಿದುಬಿಟ್ಟೆ. ಅವನಿಂದ ಮತ್ತೆ ಕಾಗದವಿಲ್ಲ, ಸುದ್ದಿಯಿಲ್ಲ. ಯುನೂಸ್ ಕೈಕೊಟ್ಟ ಹುಡುಗಿ ಎಂದು ಊರು ಮೀರಾಬಿಯನ್ನು ನೋಡಿ ನಕ್ಕಿತು. ನಲವತ್ತು ವರ್ಷ ಅವಳೂ ಅದನ್ನೇ ನಂಬಿದಳು.

ಪಿಂಚಣಿ ನಿಲ್ಲಿಸುವವರಿದ್ದರೆ ನಿಲ್ಲಿಸಲಿ ಎಂದುಕೊಂಡು ಅವಳ ಮನೆಗೆ ಹೋದೆ. ಮಗ್ಗದ ಮುಂದೆ ಕೂತಿದ್ದಳು. ಒಂದೂ ಬಿಡದೆ ಹೇಳಿದೆ, ಖೋಲಿಯ ಮಾತನ್ನೂ ಹೇಳಿದೆ. ಆಗಿನ ಕಾನೂನು ಹಾಗಿತ್ತು ಎಂದೂ ಸೇರಿಸಿದೆ. ಅವಳ ಕೈ ನಿಂತಿತು.

"ಕಾನೂನು ನಿಮ್ದಿರಬೇಕು," ಎಂದಳು. "ಮಾತು ನಂದಿತ್ತಲ್ರಿ."

ತಪ್ಪು ಮಲಕಪ್ಪನದೊಂದೇ ಅಲ್ಲ ಎಂಬುದು ಆಗ ನನಗೆ ಸರಿಯಾಗಿ ತಾಗಿತು. ಅವಳು ನೂಲು ಬಡಿಯುವ ಪಂಜಾ ಕೆಳಗಿಟ್ಟು, ತಲೆಯ ಮೇಲೆ ಸೆರಗು ಹೊದ್ದು, ನಡು ಮಧ್ಯಾಹ್ನದ ಬಿಸಿಲಲ್ಲಿ ಹೊರಟೇಬಿಟ್ಟಳು. ನಾನು ಹಿಂದೆ ಹೋದೆ.

ಅಂಗಡಿಯಲ್ಲಿ ಹುಡುಗಿಯರು ಮತ್ತೆ ಮೊಬೈಲ್ ಹಿಡಿದು ನಿಂತಿದ್ದರು. ಏನು ಬೇಕೆಂದು ಮಲಕಪ್ಪ ಕೇಳಿದ. ಮೀರಾಬಿ ಕಟ್ಟೆ ಹತ್ತಿ, ಕರಿ ಫೋನಿನ ಮೇಲೆ ಕೈಯಿಟ್ಟಳು.

"ಮುಂಬೈಯಿಂದ ನನಗೊಂದು ಫೋನ್ ಬಂದೈತಂತಲ್ರಿ. ಕರಿಯಾಕ ಯಾರೂ ಬರಲಿಲ್ಲ. ಅದಕ್ಕ ನಾನ ಬಂದೀನಿ."