ಬಾಲದ ಕೂಸು

ಕೆಂಡದ ಮೇಲೆ ಉದುರಿಸಿದ ಅಜವಾನದ ಹೊಗೆ, ತುಪ್ಪದಲ್ಲಿ ಕೆಂಪಗಾಗುವ ಬೆಳ್ಳುಳ್ಳಿ: ಬಾಣಂತಿ ಕೋಣೆ ಎಂದರೆ ಚಿಕ್ಕಂದಿನಿಂದಲೂ ನನಗೆ ಈ ವಾಸನೆ. ೧೯೪೪ರ ಬೇಸಿಗೆಯಲ್ಲಿ ಹೈದರಾಬಾದಿನ ಕಾಲೇಜಿನಿಂದ ಸಿದ್ದಾಪುರಕ್ಕೆ ಬಂದವಳು, ಪಕ್ಕದ ಮನೆಯ ಫಕೀರಮ್ಮನ ಕೂಸನ್ನು ನೋಡಲು ಹೋದೆ. ಅಲ್ಲಿ ಬೆಳ್ಳುಳ್ಳಿಯ ವಾಸನೆಯೇ ಇರಲಿಲ್ಲ. ಊದುಬತ್ತಿ, ಬಾಳೆಹಣ್ಣು, ಜನರ ಬೆವರು.

ಕೂಸಿನ ಬೆನ್ನಿನ ಕೊನೆಯಲ್ಲಿ ಕಿರುಬೆರಳಿನಷ್ಟು ಮೆತ್ತನೆಯ ಬಾಲವಿತ್ತು. ಹನುಮಪ್ಪನೇ ಹುಟ್ಟಿದ್ದಾನೆಂದು ಗಂಗಾವತಿ ಕಡೆಯಿಂದಲೂ ಜನ ಬರುತ್ತಿದ್ದರು. ಬಂದವರಿಗೆಲ್ಲ ಬಾಲ ತೋರಿಸಬೇಕು. ಮಲಗಿದ ಕೂಸನ್ನು ಮತ್ತೆ ಮತ್ತೆ ಮಗುಚಬೇಕು. ಹನುಮಪ್ಪನ ತಾಯಿಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ನಡೆಯುವುದಿಲ್ಲ, ಜನ ಹೋಗುವ ತನಕ ಊಟವೂ ಇಲ್ಲ ಎಂದು ಅತ್ತೆ ಹುಲಿಗವ್ವ ಕಟ್ಟಪ್ಪಣೆ ಮಾಡಿದ್ದಳು.

"ಎದಿಯಾಗ ಹಾಲ ಬರವಲ್ದು, ಅಕ್ಕಾ," ಎಂದಳು ಫಕೀರಮ್ಮ. ಕೂಸು ಚೀಪಿ ಚೀಪಿ ಸೋತು ಕಿರುಚುತ್ತಿತ್ತು. ಬಾಗಿಲಲ್ಲಿ ಇನ್ನೊಂದು ಗುಂಪು ಇಣುಕಿತು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹಿತ್ತಲಲ್ಲಿ ಎತ್ತಿಗೆ ನೀರಿಡುತ್ತಿದ್ದ ಹುಲಿಗವ್ವನ ಬಳಿ ಹೋದೆ.

"ದೊಡ್ಡವ್ವಾ, ನಿಮ್ಮ ಬೆನ್ನಿನ ಕೊನಿ ಮುಟ್ಟಿ ನೋಡ್ರಿ."

"ಏನ ಶಿವಬಸವ್ವಾ, ಕಾಲೇಜಿನಾಗ ಇದನ್ನ ಕಲಿಸ್ತಾರೇನ?" ನಗುತ್ತಲೇ ಮುಟ್ಟಿಕೊಂಡಳು. "ಎಲುಬೈತಿ. ಕಟ್ಟಿ ಮ್ಯಾಲಿಂದ ಬಿದ್ದಾಗ ಇದ ನೋಡು, ಕುಂದ್ರಗೊಡಲಿಲ್ಲ."

"ಅದು ಬಾಲದ ಬುಡ. ನನಗೂ ಐತಿ. ಹೊಟ್ಟಿಯಾಗ ಎಲ್ಲಾ ಕೂಸಿಗೂ ಬಾಲ ಇರತೈತಿ, ಹುಟ್ಟೂದ್ರಾಗ ಕರಗತೈತಿ. ಇದಕ್ಕ ಸ್ವಲ್ಪ ಉಳದೈತಿ, ಅಷ್ಟ."

"ಮನಶ್ಯಾಗ ಬಾಲ ಯಾಕ ಬೇಕಿತ್ತವ್ವಾ?"

ನಾನು ಎತ್ತಿನ ಕಾಲು ತೋರಿಸಿದೆ. "ಹಿಂದ ಎರಡು ಸಣ್ಣ ಗೊರಸು ಅದಾವಲ್ಲ, ನೆಲಾ ಮುಟ್ಟತಾವೇನು? ಒಂದು ಕಾಲಕ್ಕ ಅವೂ ನೆಲಾ ತುಳಿಯೋ ಬೆರಳ. ಕೆಲಸ ಹೋತು, ಗುರುತು ಉಳೀತು. ನಮ್ಮ ಹಿರಿಯರ ಹಿರಿಯರಿಗೂ ಕೋಟಿಗಟ್ಲೆ ವರ್ಷದ ಹಿಂದ ಬಾಲ ಇತ್ತು."

ಹುಲಿಗವ್ವ ಬಗ್ಗಿ ಆ ಗೊರಸನ್ನು ಹೊರಳಿಸಿ ನೋಡಿದಳು. "ಹಂಗಾರ ನಾನೂ ಹನಮಪ್ಪನ ಬಳಗ ಅಂತೀ?"

"ಎಲ್ಲಾರೂ."

"ನಾ ಹಡದಾಗ ನಮ್ಮತ್ತಿ ಬೊಗಸಿ ಬೊಗಸಿ ಬೆಳ್ಳುಳ್ಳಿ ತಿನಿಸಿದ್ಲು," ಎಂದು ತನ್ನಷ್ಟಕ್ಕೆ ಗೊಣಗಿ ಒಳಗೆ ಹೋದಳು. "ಕೂಸು ಮಲಗತೈತಿ, ಎಲ್ಲಾರೂ ಹೊರಗ ನಡೀರಿ," ಎಂಬ ದನಿ ಕೇಳಿತು. ಯಾರೋ ಸಿಡುಕಿದರು. ಬಾಗಿಲು ಮುಚ್ಚಿತು.

ಸ್ವಲ್ಪ ಹೊತ್ತಿಗೆ ಒಲೆಯ ಕಡೆಯಿಂದ ಆ ಹಳೆಯ ವಾಸನೆ ಬಂತು. ಹುಲಿಗವ್ವ ಕೋಣೆಗೆ ಬಂದು, ತುಪ್ಪ ಬೆಳ್ಳುಳ್ಳಿ ಸುರಿದ ಬಿಸಿ ನುಚ್ಚಿನ ತಟ್ಟೆಯನ್ನು ಸೊಸೆಯ ಕೈಗಿಟ್ಟು, ಕೂಸನ್ನು ತನ್ನ ತೊಡೆಗೆ ತೆಗೆದುಕೊಂಡಳು.